ಕಣ್ಣಿಗೊತ್ತಿ ಇಟ್ಟ ಲೋಟ

ತಗ್ಗುಮನೆ, ಮದ್ದೂರು
ಪಕ್ಷದ ಅಮಾವಾಸ್ಯೆ, ೨೧೬೦

ಜವರಾಜು ತಾತನವರಿಗೆ ಸೋನೆಯ ನಮಸ್ಕಾರಗಳು.

ನಿಮಗಿನ್ನೂ ನಲವತ್ತು ದಾಟಿಲ್ಲ, ನನಗೆ ಅರವತ್ತಾಯಿತು. ಆದರೂ ನೀವೇ ತಾತ, ಮುನಿಸಿಕೊಳ್ಳಬೇಡಿ. ನಾನು ನಿಮ್ಮ ಮಗನ ಮೊಮ್ಮಗನ ಮಗಳು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಹಳೆಯ ದನಿಗಳಿಂದ ಕೇಳಿ ಕಲಿತವಳು ನಾನು. ಈ ಪತ್ರ ಬಂದದ್ದು ಹಿನ್ನಂಚೆಯಲ್ಲಿ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆಯಲ್ಲಿ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಅವಕಾಶ. ಎಲ್ಲರೂ ತೀರಿಹೋದ ತಾಯಿಗೆ ಬರೆಯುತ್ತಾರೆ. ಮುಖವನ್ನೇ ನೋಡದವರಿಗೆ ಬರೆದು ಅದನ್ನು ಯಾಕೆ ದಂಡ ಮಾಡುತ್ತೀಯ ಎಂದು ಅಂಚೆಯವಳು ಗೊಣಗಿದಳು. ಅವಳಿಗೇನು ಗೊತ್ತು.

ನಿಮಗೂ ಇವತ್ತು ಪಕ್ಷದ ಹಬ್ಬ. ಯುಗಾದಿಯಿಂದ ನೀವು ಕುಡಿದಿಲ್ಲ. ಸಂಜೆ ತೀರಿಹೋದ ನಿಮ್ಮಪ್ಪನ ಎಡೆಗೆ ಮಾಂಸದ ಸಾರು, ಬೀಡಿ ಕಟ್ಟು, ಒಂದು ಲೋಟ ಬ್ರಾಂದಿ ಇಡುತ್ತಾರೆ. ಪೂಜೆ ಮುಗಿದ ಮೇಲೆ ಆ ಲೋಟ ಗಂಡುಮಕ್ಕಳ ಕೈಯಿಂದ ಕೈಗೆ ಬರುತ್ತದೆ. ನಿಮ್ಮಣ್ಣ ಮರಿಸ್ವಾಮಿ ಅದು ಪ್ರಸಾದ, ಬೇಡವೆಂದರೆ ಅಪ್ಪನಿಗೇ ಅವಮಾನ ಎನ್ನುತ್ತಾರೆ. ಒಂದು ಗುಟುಕು ಒಳಗೆ ಹೋದರೆ ಮತ್ತೆ ಎಲ್ಲಿಗೆ ಹೋಗಿ ನಿಲ್ಲುತ್ತೀರೆಂದು ನಿಮಗೆ ಚೆನ್ನಾಗಿ ಗೊತ್ತು. ಬೆಳಿಗ್ಗೆಯಿಂದ ವೆಲ್ಡಿಂಗ್ ಶಾಪಿನ ಬಾಗಿಲು ಹಾಕಿಕೊಂಡು ಕೂತಿರುವುದು ಅದಕ್ಕೇ.

ನಾವಿರುವುದು ನೆಲದಡಿ. ಬಿಸಿಲು ತಾಳಲಾರದೆ ನಮ್ಮ ಹಿರಿಯರು ಮಣ್ಣೊಳಗೆ ಇಳಿದು ಕಟ್ಟಿದ ಮನೆಗಳೇ ತಗ್ಗುಮನೆಗಳು. ನಡುವಿನ ಬೆಳಕುಬಾವಿಯಲ್ಲಿ ಕೊತ್ತಂಬರಿ, ಬಾಳೆ ಬೆಳೆಯುತ್ತೇವೆ. ಬಾಗಿಲಲ್ಲಿ ಈಗಲೂ ನೀವು ಮಾಡಿದ ಗೇಟಿದೆ. ಅದರ ಎಡಪಾಲು ಕುಡಿಯುತ್ತಿದ್ದಾಗ ಮಾಡಿದ್ದು, ಬೆಸುಗೆ ಹುಳ ಹರಿದ ಹಾಗಿದೆ, ಬಲಪಾಲು ಆಮೇಲಿನದು. ಬಂದವರಿಗೆಲ್ಲ ಎರಡನ್ನೂ ಬೆರಳಿಟ್ಟು ತೋರಿಸುವುದು ನಮಗೊಂದು ಜಂಬ. ಕುಡಿತವೇನೂ ಭೂಮಿ ಬಿಟ್ಟು ಹೋಗಿಲ್ಲ. ಈಗಿನದು ತೇಲುಹನಿ. ನಾಲಿಗೆಯ ಮೇಲೆ ಒಂದು ತೊಟ್ಟು ಬಿಟ್ಟುಕೊಂಡರೆ ಸಾಕು, ತಲೆನೋವಿಲ್ಲ, ವಾಸನೆಯಿಲ್ಲ. ಮನುಷ್ಯನನ್ನು ಮನೆಯವರಿಂದ ದೂರ ಮಾಡುವುದರಲ್ಲಿ ಮಾತ್ರ ನಿಮ್ಮ ಬ್ರಾಂದಿಗಿಂತ ಏನೂ ಕಡಿಮೆಯಿಲ್ಲ.

ಈಗಲೂ ಹಿರಿಯರಿಗೆ ಬಾಳೆಲೆಯಲ್ಲೇ ಎಡೆ. ಮದುವೆಯಾದ ಹೊಸತರಲ್ಲಿ ನನ್ನ ಗಂಡ ತಿಳಿಯದೆ ಎಲ್ಲರ ಎಲೆಗೂ ಬ್ರಾಂದಿ ಇಟ್ಟುಬಿಟ್ಟ. ನಮ್ಮಜ್ಜಿ ನಿಮ್ಮ ಎಲೆಯ ಮುಂದಿನ ಲೋಟ ಎತ್ತಿ ಅವನ ಕೈಗೇ ಕೊಟ್ಟು, "ಅವ್ರ ಎಡೆಗೆ ಇದ್ನ ಇಕ್ಬ್ಯಾಡ ಕಣಪ್ಪ, ಅವ್ರು ಬುಟ್ಟವ್ರು" ಎಂದರು. ರಾಜನ ಹೆಸರು ಹೇಳುವವರಂತೆ ಹೇಳಿದರು.

ನೀವು ಅವತ್ತು, ಅಂದರೆ ನಿಮ್ಮ ಈ ಸಂಜೆ, ಏನು ಹೇಳಿದಿರೆಂಬುದಕ್ಕೆ ನಮ್ಮಲ್ಲಿ ನಾಲ್ಕು ಕಥೆಗಳಿವೆ, ಒಂದಕ್ಕೊಂದು ತಾಳೆಯಿಲ್ಲ. ಎಲ್ಲರೂ ಒಪ್ಪುವುದು ಇಷ್ಟೇ: ನೀವು ಲೋಟವನ್ನು ಎರಡೂ ಕೈಯಲ್ಲಿ ಇಸಿದುಕೊಂಡಿರಿ, ಕಣ್ಣಿಗೊತ್ತಿಕೊಂಡಿರಿ, ಮರಳಿ ಅಪ್ಪನ ಎಲೆಯ ಮುಂದಿಟ್ಟಿರಿ. ನಿಮ್ಮಣ್ಣನಿಗೆ ಬೈಯಲು ದಾರಿಯೇ ಉಳಿಯಲಿಲ್ಲ. ಅದೇ ಈಗ ನಮ್ಮ ಮನೆಯ ಪದ್ಧತಿ. ಬೇಡವಾದವರು ಕಣ್ಣಿಗೊತ್ತಿ ಇಡುತ್ತಾರೆ, ಯಾಕೆಂದು ಯಾರೂ ಕೇಳುವಂತಿಲ್ಲ.

ನನ್ನ ಮಗ ಚಿಗುರ, ತೇಲುಹನಿಗೆ ಸಿಕ್ಕಿ ಮೂರು ವರ್ಷ ಮನೆಗೇ ಬಂದಿರಲಿಲ್ಲ. ಇವತ್ತು ಬಂದ. ಎಡೆಯ ಲೋಟ ಕೈಯಿಂದ ಕೈಗೆ ಬಂದು ಅವನ ಸರದಿಯಾದಾಗ ನಾನು ನೋಡುತ್ತ ನಿಂತಿದ್ದೆ. ಲೋಟವನ್ನು ಕಣ್ಣಿಗೊತ್ತಿ ಕೆಳಗಿಟ್ಟ. ಅವನ ಸೋದರಮಾವ ಸರಿದು ಪಕ್ಕದಲ್ಲಿ ಜಾಗ ಕೊಟ್ಟರು, ನಾನು ಮುದ್ದೆ ಬಡಿಸಿದೆ. ಆಮೇಲೆ ನೇರ ಹಿನ್ನಂಚೆಯ ಮನೆಗೆ ಬಂದೆ.

ಸಂಜೆ ಎಡೆಯ ಪೂಜೆಗೆ ಹೋಗಿ, ತಾತ. ನಾವೆಲ್ಲ ನಿಮ್ಮ ಹಿಂದೆಯೇ ನಿಂತಿರುತ್ತೇವೆ.

ಒಂದು ಕೋರಿಕೆ. ನಿಮ್ಮ ಎಡೆಗೆ ಬ್ರಾಂದಿಯ ಬದಲು ಏನಿಡಬೇಕೆಂದು ನಮಗೆ ಇವತ್ತಿನವರೆಗೂ ಗೊತ್ತಿಲ್ಲ. ಒಬ್ಬರು ಮಜ್ಜಿಗೆ ಎನ್ನುತ್ತಾರೆ, ಒಬ್ಬರು ಶುಂಠಿ ಕಾಫಿ ಎನ್ನುತ್ತಾರೆ, ಕಡೆಗೆ ಜಗಳ ಬೇಡವೆಂದು ಬರೀ ನೀರಿಡುತ್ತೇವೆ. ಇನ್ನು ಮೇಲೆ ನೀವು ಏನನ್ನು ಇಷ್ಟಪಟ್ಟು ಕುಡಿಯುತ್ತೀರೋ ಅದನ್ನು ನಿಮ್ಮ ಮಗನಿಗೆ ಹೇಳಿ. ಅವನು ತನ್ನ ಮಕ್ಕಳಿಗೆ ಹೇಳುತ್ತಾನೆ. ಮುಂದಿನ ಪಕ್ಷದ ಹೊತ್ತಿಗೆ ನಮಗೆ ಗೊತ್ತಿರುತ್ತದೆ.