ಅಪ್ಪನಿಗಾಗಿ ಸಡಿಲಿಸಿದ ನಿಯಮ

ಗೋಥೆನ್‌ಬರ್ಗ್
ನವೆಂಬರ್ ೧೬, ಗುರುವಾರ

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಅಲ್ಲಿ ನಿಮ್ಮ ಉಮಿಯೊದಲ್ಲಿ ರಸ್ತೆಯೆಲ್ಲ ಆಗಲೇ ಹೆಪ್ಪುಗಟ್ಟಿರಬೇಕು. ಜಾರದ ಹಾಗೆ ಬೂಟಿಗೆ ಕಬ್ಬಿಣದ ಮುಳ್ಳು ಕಟ್ಟಿಕೊಳ್ಳದೆ ಹೊರಗೆ ಕಾಲಿಡಬೇಡ. ನೀನು ಕೇಳುವವನಲ್ಲ ಅಂತ ಗೊತ್ತು, ಆದರೂ ಹೇಳುತ್ತೇನೆ. ನನಗೆ ಕಾಯಿಲೆ ಏನಿಲ್ಲ, ಸುಸ್ತು ಅಷ್ಟೆ. ನಿದ್ದೆ ಮಾಡಿದರೂ ಹೋಗದ ಸುಸ್ತು.

ಗಣಿತದ ಸಾಧನೆಗಳನ್ನು ಪರೀಕ್ಷಿಸುವ ನಮ್ಮ ತರ್ಕಯಂತ್ರ ನಿನ್ನ ಪ್ರಮೇಯವನ್ನು ಒಪ್ಪುವಂತೆ ಮಾಡುವುದರಲ್ಲೇ ಮೂರು ಚಳಿಗಾಲ ಕಳೆದವು. ನೀನು ಒಂದೇ ಸಾಲಿನಲ್ಲಿ ಹಾರಿದ ಕಡೆ ನಾನು ಕಂಪ್ಯೂಟರಿನ ಮುಂದೆ ಪುಟಗಟ್ಟಲೆ ತೆವಳಬೇಕು. ಒಂದೊಂದು ಹೆಜ್ಜೆಗೂ ಅದು ಯಾಕೆ ಅನ್ನುತ್ತದೆ, ಉತ್ತರ ಕೊಟ್ಟ ಮೇಲೇ ಮುಂದಕ್ಕೆ ಬಿಡುತ್ತದೆ. ಇಂಥ ಹಟಮಾರಿಯನ್ನು ಕಟ್ಟಿದವರಲ್ಲಿ ನಾನೂ ಒಬ್ಬಳು, ಯಾರನ್ನು ಬೈಯಲಿ? ನಿನ್ನ ಮೂರನೆಯ ಹೆಜ್ಜೆಯಲ್ಲಿ ಅದು ಕೂತೇಬಿಟ್ಟಿತು. "ಅದು ಸ್ಪಷ್ಟ ಕಣೇ, ಇಷ್ಟೂ ಗೊತ್ತಾಗಲ್ವಾ ನಿನ್ನ ಡಬ್ಬಕ್ಕೆ?" ಅಂತ ನೀನು ಫೋನಿನಲ್ಲಿ ಗದರಿದೆ. ನಾನೂ ಡಬ್ಬದ್ದೇ ತಪ್ಪು ಅಂದುಕೊಂಡೆ. ಅದರ ಒಂದು ನಿಯಮ ವಿಪರೀತ ಬಿಗಿ ಅನ್ನಿಸಿ, ಹೋದ ತಿಂಗಳು ಸಡಿಲಿಸಿದೆ. ಕೂಡಲೇ ಎಲ್ಲ ಹೆಜ್ಜೆಯನ್ನೂ ಒಪ್ಪಿಕೊಂಡಿತು. ಸುದ್ದಿ ಹೇಳಿದಾಗ ನೀನು ಅತ್ತುಬಿಟ್ಟೆ. ನಲವತ್ತು ವರ್ಷ ಯಾರೂ ನಂಬದ ಪ್ರಮೇಯ ಅದು.

ನಮ್ಮ ಆಫೀಸಿನಲ್ಲೊಂದು ಪದ್ಧತಿ ಇದೆ. ಹೊಸ ನಿಯಮ ಬಂದರೆ ಸಾಕು, ಎಲ್ಲರೂ ಅದರ ಮೇಲೆ ಬಿದ್ದು ಯಂತ್ರದ ಬಾಯಲ್ಲಿ ಸುಳ್ಳು ಹೇಳಿಸಲು ನೋಡುತ್ತಾರೆ. ಯಾರಾದರೂ ಗೆದ್ದರೆ, ನಿಯಮ ಬರೆದವರು ಶುಕ್ರವಾರದ ಕಾಫಿಗೆ ಕೇಕ್ ತರಬೇಕು. ನಿನ್ನೆ ನನ್ನ ಪಕ್ಕದ ಮೇಜಿನ ಟೂರೆ ಗೆದ್ದ. ನಾನು ಸಡಿಲಿಸಿದ ನಿಯಮವನ್ನೇ ಹಿಡಿದು, ಸೊನ್ನೆಯೂ ಒಂದೂ ಸಮ ಅಂತ ಯಂತ್ರದ ಬಾಯಲ್ಲೇ ಹೇಳಿಸಿದ. "ಏನಮ್ಮಾ ಇಂಗೆಲಾ, ಕೇಕಿನ ಮೇಲೆ ಕೆನೆ ಧಾರಾಳವಾಗಿರ್ಲಿ, ಜಿಪುಣತನ ಮಾಡ್ಬೇಡ!" ಅಂತ ಕುಣಿದಾಡಿದ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆ ನಿಯಮ ಯಾರಿಗಾಗಿ ಸಡಿಲಾಗಿತ್ತು ಅಂತ ಅವರಿಗೇನು ಗೊತ್ತು. ಅದನ್ನು ಕಿತ್ತುಹಾಕಿ, ಹಳೆಯ ಬಿಗಿ ನಿಯಮವನ್ನೇ ಮತ್ತೆ ಕೂರಿಸಿ ಮನೆಗೆ ಬಂದೆ. ಈಗ ಕೇಕ್ ಒಲೆಯಲ್ಲಿದೆ. ಮೊಟ್ಟೆ ಕಲಸುವಾಗ ಅಳು ಬಂತು.

ಪಕ್ಕದ ಮನೆಯವರಿಗೆ ನಾನು ಕೇಳಿದೆ ಅಂತ ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು, ಬರೀ ಕಾಫಿ ಕುಡಿದು ಕೂರಬೇಡ.

ನಿನ್ನ ಮಗಳು,
ಇಂಗೆಲಾ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಮುಂದಿನ ವಾರ ನಿನ್ನ ಹಳೆಯ ಸಹೋದ್ಯೋಗಿಗಳ ಮುಂದೆ ಪ್ರಮೇಯ ಸಾಬೀತಾಯಿತು ಅಂತ ಹೇಳಬೇಡ ಅಪ್ಪಾ. ಯಂತ್ರ ಹಟ ಮಾಡಿದ್ದಲ್ಲ. ನಿನ್ನ ಮೂರನೆಯ ಹೆಜ್ಜೆ ಸುಳ್ಳಾಗುವ ಒಂದು ಚಿಕ್ಕ ಉದಾಹರಣೆ ಸಿಕ್ಕಿದೆ. ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ, ಯಾರಿಗೂ ತೋರಿಸಿಲ್ಲ. ನೀನೇ ಲೆಕ್ಕ ಹಾಕಿ ನೋಡು. ತಪ್ಪು ನನ್ನದೇ ಆಗಿರಲಿ, ನೀನು ಫೋನ್ ಮಾಡಿ ನನ್ನನ್ನು ಬಾಯಿಗೆ ಬಂದಂತೆ ಬೈಯುವ ಹಾಗಾಗಲಿ.