ಸಕ್ಕರೆ ಹಂಚಿದ ದಿನ

ಅತ್ತೆ ಪುಟ್ಟಬಸಮ್ಮನವರಿಗೆ,

ನಾನು ಸತ್ತಿಲ್ಲ. ಕೊಳ್ಳೇಗಾಲದ ಆಸ್ಪತ್ರೆಯಿಂದ ಸತ್ತೇಗಾಲದ ತವರಿಗೆ ಬಂದಿದ್ದೇನೆ.

"ಶುಗರ್ ಸೂಜಿ ಚುಚ್ಕಂಡ್ರೆ ಬಸುರು ನಿಲ್ಲಕಿಲ್ಲ ಕಣೆ" ಅಂತ ನನ್ನ ಇನ್ಸುಲಿನ್ ಮೋರಿಗೆ ಎಸೆದಿರಿ, ಬೇರಿನ ಕಷಾಯ ಕುಡಿಸಿದಿರಿ. ನಾನು ವಾಂತಿ ಮಾಡಿಕೊಂಡಾಗ ಬಸುರಿ ಎಂದು ಬೀದಿಗೆಲ್ಲ ಸಕ್ಕರೆ ಹಂಚಲು ಹೋದಿರಿ. ಅಷ್ಟರಲ್ಲಿ ನಾನು ಅಡುಗೆಮನೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದೆ. ಎತ್ತಿಕೊಂಡು ಓಡಿದವರು ನಿಮ್ಮ ಮಗ.

ಆ ವಾಂತಿ ಬಸುರಿನದಲ್ಲ, ಇನ್ಸುಲಿನ್ ತಪ್ಪಿ ಶುಗರ್ ಏರಿದ್ದರಿಂದ ಬಂದದ್ದು. ಶುಗರ್ ಹತೋಟಿಗೆ ಬಂದ ಮೇಲೆ ಮಗುವಿಗೆ ಪ್ರಯತ್ನಿಸಿ ಎಂದಿದ್ದಾರೆ ಡಾಕ್ಟರು. ಆ ಪ್ರಯತ್ನ ಇನ್ನು ನಿಮ್ಮ ಮನೆಯಲ್ಲಿ ನಡೆಯುವುದಿಲ್ಲ. ನಿಮ್ಮ ಮಗ ಇನ್ನು ಇಲ್ಲಿಂದಲೇ ಕುಂತೂರಿನ ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಾರೆ. ನಮ್ಮಿಬ್ಬರ ಬಟ್ಟೆ ಕಟ್ಟಿಡಿ. ಭಾನುವಾರ ಅವರೇ ಬರುತ್ತಾರೆ, ಊಟಕ್ಕೆ ಕೂರಿಸಬೇಡಿ.

ಮಗುವಾದರೆ ಊರಿಗೆಲ್ಲ ಹೇಳುತ್ತೇವೆ. ನಿಮಗೆ ಊರವರು ಹೇಳುತ್ತಾರೆ.

ಇಂತಿ,
ನಿಮ್ಮ ಮಗನ ಹೆಂಡತಿ
ದಾಕ್ಷಾಯಿಣಿ