ಮಳೆಯಿಲ್ಲದ ನಾಲ್ಕು ಮಿಲಿಮೀಟರ್

ಮಾರ್ಚ್ 3, ಸೋಮವಾರ

ಮೂರನೇ ಪೀರಿಯಡ್ ಮತ್ತೆ ಗಣಿತದ ಮೇಷ್ಟ್ರ ಪಾಲು. "ಭೂಗೋಳ ತಾನೇ ಮೇಡಂ, ಮನೇಲಿ ಓದ್ಕೋತಾರೆ." ಹೂಂ ಅಂದೆ. ಯಾಕಂದೆ? ಹೆಡ್‌ಮೇಡಂದು ಬೇರೆ ಹೊಸ ರಾಗ. ಮುಂದಿನ ವರ್ಷಕ್ಕೆ ಹತ್ತು ಮಕ್ಕಳಾದ್ರೂ ಭೂಗೋಳ ತಗೊಳ್ಳದಿದ್ರೆ ವಿಷಯವೇ ಬಂದ್. ಫಾರ್ಮ್ ಕೊಡೋಕೆ ಶುಕ್ರವಾರ ನಾಲ್ಕು ಗಂಟೆ ಕೊನೆ. ಒಂಬತ್ತು ಬಂದಿವೆ. ಹತ್ತನೇದು ಎರಡು ಜಡೆಯವಳದ್ದು, ಖಾತ್ರಿ. ನಕ್ಷೆ ಕಂಡ್ರೆ ಊಟ ಮರೆಯೋ ಹುಡುಗಿ.

ಮಾರ್ಚ್ 4

ತಲೆ ಕೆಟ್ಟು ಹೋಯ್ತು. ಮಕ್ಕಳು ಸರದಿ ಮೇಲೆ ಬರೆಯೋ ಮಳೆಮಾಪಕದ ಪುಸ್ತಕ ತಿದ್ದಿದೆ. ಫೆಬ್ರವರಿ ಇಡೀ ಒಂದು ಹನಿ ಬಿದ್ದಿಲ್ಲ. ಎಲ್ಲರದೂ ಸೊನ್ನೆ. ಎರಡು ಜಡೆದು ಮಾತ್ರ — ನಾಲ್ಕು ಮಿಲಿಮೀಟರ್, ಮೂರೂವರೆ, ಮತ್ತೆ ನಾಲ್ಕು. ಇವಳೂ ಹೀಗಾ! ಕ್ಲಾಸಲ್ಲೇ ನಿಲ್ಲಿಸಿ ಬೈದೆ.

"ನೀರಿತ್ತು ಮಿಸ್..."

"ನಿನಗೊಬ್ಬಳಿಗೇ ಮಳೆ ಬಂತಾ?"

ಎಲ್ಲ ಗೊಳ್ಳೆಂದ್ರು. ಕೆಂಪು ಇಂಕಲ್ಲಿ ಬರೆದೆ — ಸುಳ್ಳು ಅಳತೆ, ತಂದೆಯ ಸಹಿ ಬೇಕು.

ಮಾರ್ಚ್ 6

ಸಹಿ ಬಂತು. ಜೊತೆಗೆ ಅವಳ ಫಾರ್ಮೂ ಬಂತು. ಭೂಗೋಳ ಅಲ್ಲ, ಕಂಪ್ಯೂಟರ್. "ಒಂಬತ್ತೇ ಅಲ್ವಾ?" ಅಂದ್ರು ಹೆಡ್‌ಮೇಡಂ, ನಗ್ತಾ.

ಮಾರ್ಚ್ 7, ಶುಕ್ರವಾರ, ಬೆಳಿಗ್ಗೆ 8.20

ಹೇಗೂ ವಿಷಯ ಮುಚ್ತಾರಲ್ಲ, ಮಳೆಮಾಪಕ ಎತ್ತಿಡೋಣ ಅಂತ ಶಾಲೆ ಹಿತ್ತಿಲಿಗೆ ಹೋದೆ. ಒಳಗೆ ನೀರು! ಬಗ್ಗಿದ್ರೆ ಕತ್ತಿನ ಮೇಲೆ ತೊಟಕ್ ಅಂತ ಬಿತ್ತು ಒಂದು ಹನಿ. ಮೇಲೆ ನೋಡಿದೆ. ಹೆಡ್‌ಮೇಡಂ ರೂಮಿನ ಹೊಸ ಎಸಿಯ ನೀರು ಬಿಡೋ ಪೈಪು. ಜನವರಿ ಕೊನೇಲಿ ಹಾಕಿಸಿದ್ದು.

ಥೂ ನನ್ನ ಬುದ್ಧಿಗೆ. ಐದು ವಾರದಲ್ಲಿ ಒಂದು ಸಲ ಬಂದು ನೋಡಲಿಲ್ಲ ನಾನು. ಬೆಂಚಲ್ಲಿ ಕೂತು ಸೊನ್ನೆ ಬರೆದವರಿಗೆಲ್ಲ ಗುಡ್ ಹಾಕಿದೀನಿ. ಹೋಗಿ ನೋಡಿದವಳು ಒಬ್ಬಳೇ.

11.30

ಕ್ಲಾಸಲ್ಲಿ ಬೈದಿದ್ದೆ, ಕ್ಲಾಸಲ್ಲೇ ತಪ್ಪು ಒಪ್ಪಿಕೊಂಡೆ. ಎರಡು ಜಡೆ ತಲೆ ಎತ್ತಲಿಲ್ಲ. "ಅಪ್ಪ ಬೇಡ ಅಂದ್ರು ಮಿಸ್. ಫಾರ್ಮ್ ಅವರೇ ತುಂಬಿದ್ದು." ಬದಲಾಯಿಸೋಕೆ ಅಪ್ಪನ ಸಹಿ ಬೇಕಂತೆ, ಗುಮಾಸ್ತರ ಪಟ್ಟು. ಹೊಸ ಫಾರ್ಮ್ ಕಿತ್ಕೊಂಡು ಬಂದೆ.

3.25

ಅವಳಪ್ಪನ ಟೈಲರ್ ಅಂಗಡಿ. ಸ್ಟೂಲ್ ಮೇಲೆ ಕೂತಿದೀನಿ. ಎಲ್ಲ ಹೇಳಿ ಆಯ್ತು. ಮೆಷಿನ್ ನಿಲ್ಲಿಸಲೇ ಇಲ್ಲ ಮನುಷ್ಯ.

"ಮೂವತ್ತು ವರ್ಷದಿಂದ ಅಳತೆ ಮೇಲೆ ಬದುಕಿದೀನಿ ಮೇಡಂ. ನನ್ನ ಮಗಳು ಸುಳ್ಳು ಅಳತೆ ಬರೆದಳು ಅಂತ ನನ್ನ ಕೈಲೇ ಸಹಿ ಹಾಕಿಸಿದ್ರಲ್ಲ."

ಪುಸ್ತಕ ತೆಗೆದೆ. ಕೆಂಪಲ್ಲಿ ಬರೆದಿದ್ದನ್ನ ಹೊಡೆದು ಹಾಕಿದೆ. ಕೆಳಗೆ ಬರೆದೆ — ಅಳತೆ ಸರಿ, ಮಿಸ್ ನೋಡಿರಲಿಲ್ಲ. ಸಹಿ ಹಾಕಿ ಅವರ ಮುಂದೆ ಇಟ್ಟೆ.

ಮೆಷಿನ್ ನಿಂತಿದೆ. ಓದ್ತಿದಾರೆ. ಸುಮ್ನೆ ಕೂರೋಕಾಗ್ದೆ ಇದನ್ನ ಗೀಚ್ತಿದೀನಿ. 3.40. ಮತ್ತೆ ಮೊದಲಿಂದ ಓದ್ತಿದಾರೆ. ಕನ್ನಡಕ ಒರೆಸ್ಕೊಂಡ್ರು. ಫಾರ್ಮ್ ಹತ್ರ ಎಳ್ಕೊಂಡ್ರು. ಪೆನ್ನು ಹುಡುಕ್ತಿದಾರೆ, ಬರೀ ಚಾಕ್ ಸಿಗ್ತಿದೆ — ನನ್ನ ಕಡೆ ಕೈ ಚಾಚಿದ್ರು, ಇದೇ ಪೆ